ಪರಿಸ್ಸೆಯನ್ನು ತುಣುಕುಗಳಲ್ಲಿ ನೋಡುವುದು: ಸಿಕ್ಸ್ ನೇಷನ್ಸ್ ಯೂಟ್ಯೂಬ್ ವಾಹಿನಿಯ ವಿಮರ್ಶೆ

ಯುರೋಪಿನ ಸಿಕ್ಸ್ ನೇಷನ್ಸ್ ರಗ್ಬಿ ಪಂದ್ಯಾವಳಿಯ ಅಧಿಕೃತ ಯೂಟ್ಯೂಬ್ ವಾಹಿನಿಯಲ್ಲಿ ಹಿಂದಿನ ವರ್ಷಗಳ ಹಲವು ಪಂದ್ಯಗಳ ಮುಖ್ಯಾಂಶಗಳು ಉಚಿತವಾಗಿ ನೋಡಸಿಗುತ್ತವೆ. ಇಟಲಿಯ ನಾಯಕರಾಗಿದ್ದ ಸೆರ್ಜಿಯೊ ಪರಿಸ್ಸೆ ಎಂಥ ಆಟಗಾರರೆಂದು ತಿಳಿಯಬಯಸುವವರಿಗೆ ಈ ವಾಹಿನಿ ಎಷ್ಟು ಸಾಲುತ್ತದೆ ಎಂಬುದನ್ನಷ್ಟೇ ಇಲ್ಲಿ ಪರಿಶೀಲಿಸಿದ್ದೇನೆ. ಐರ್ಲೆಂಡಿನ ಬ್ರಯಾನ್ ಓಡ್ರಿಸ್ಕಾಲ್ ಹೆಸರಿನಲ್ಲಿದ್ದ 65 ಪಂದ್ಯಗಳ ದಾಖಲೆಯನ್ನು ಮುರಿದು ಈ ಪಂದ್ಯಾವಳಿಯಲ್ಲಿ 69 ಬಾರಿ ಕಣಕ್ಕಿಳಿದವರು ಅವರು. ಆದ್ದರಿಂದ ಅವರನ್ನು ಹುಡುಕಲು ಇದಕ್ಕಿಂತ ಸಹಜವಾದ ಜಾಗ ಇನ್ನೊಂದಿಲ್ಲ.

ಮೊದಲು ನೋಡಬೇಕಾದದ್ದು 2013ರ ಫೆಬ್ರುವರಿಯಲ್ಲಿ ರೋಮ್‌ನಲ್ಲಿ ನಡೆದ ಫ್ರಾನ್ಸ್ ಎದುರಿನ ಪಂದ್ಯ. ಆಟ ಶುರುವಾಗಿ ಐದಾರು ನಿಮಿಷಗಳೊಳಗೆ ಲುಚಾನೊ ಒರ್ಕೆರಾ ಕೊಟ್ಟ ಚೆಂಡನ್ನು ಹಿಡಿದು ಪರಿಸ್ಸೆ ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಪಡೆಯುವ ಅಂಕ) ಗಳಿಸುತ್ತಾರೆ, ಇಟಲಿ 23-18ರಿಂದ ಗೆಲ್ಲುತ್ತದೆ. ಎರಡೂ ತಂಡದವರು ಹೆಗಲು ಕೊಟ್ಟು ತಳ್ಳಾಡುವ ಸ್ಕ್ರಮ್‌ನ ಹಿಂತುದಿಯಲ್ಲಿ ನಿಲ್ಲುವ ಎಂಟನೇ ಸಂಖ್ಯೆಯ ಆಟಗಾರನೊಬ್ಬ, ಅಷ್ಟು ದೊಡ್ಡ ಮೈಕಟ್ಟಿನವನು, ಹಿಂಸಾಲಿನ ಓಟಗಾರನ ಹಾಗೆ ಕೋನ ಹಿಡಿದು ಓಡಿಬರುವುದನ್ನು ಕಂಡರೆ ಫ್ರಾನ್ಸಿನ ಕ್ಲಬ್‌ಗೂ ಆಡಿದ ಇವರನ್ನು ಅಲ್ಲಿನವರು ಅಷ್ಟೇಕೆ ಮೆಚ್ಚಿದರೆಂಬುದು ತಾನಾಗಿ ತಿಳಿಯುತ್ತದೆ.

ತೊಂದರೆ ಇರುವುದು ಮುಖ್ಯಾಂಶ ಎಂಬ ಕ್ರಮದಲ್ಲೇ. ಅಂಕ ಬಂದ ಗಳಿಗೆಗಳನ್ನು ಮಾತ್ರ ಪೋಣಿಸುವುದು ಅದರ ರೀತಿ, ಅಂಕ ಗಳಿಸುತ್ತಿದ್ದವರು ಹೆಚ್ಚಾಗಿ ಎದುರಾಳಿಗಳು. 2015ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡನ್ನು 22-19ರಿಂದ ಮಣಿಸಿದ ಮೇಲೆ 2022ರಲ್ಲಿ ಕಾರ್ಡಿಫ್‌ನಲ್ಲಿ ಗೆಲ್ಲುವವರೆಗೆ ಇಟಲಿ ಈ ಪಂದ್ಯಾವಳಿಯಲ್ಲಿ ಸತತ 36 ಪಂದ್ಯಗಳನ್ನು ಸೋತಿತು, ಪರಿಸ್ಸೆಯ ಕೊನೆಯ ವರ್ಷಗಳು ಆ ಸಾಲಿನೊಳಗೇ ಸೇರಿವೆ. ಹಾಗಾಗಿ ಆ ಕಾಲದ ತುಣುಕುಗಳಲ್ಲಿ ಇತರರ ಸಂಭ್ರಮವೇ ತುಂಬಿದ್ದು, ಅಂಗಳದ ಹೊರಗಿನಿಂದ ಚೆಂಡು ಎಸೆಯುವ ಲೈನ್‌ಔಟ್‌ನಲ್ಲಿ ಅದನ್ನು ಹಿಡಿಯುವುದು, ಮೂವರು ಮೈಮೇಲೆ ಬಿದ್ದಿರುವಾಗಲೂ ಒಂದೇ ಕೈಯಲ್ಲಿ ಚೆಂಡನ್ನು ದಾಟಿಸುವುದು ಮುಂತಾದ ಅವರ ನಿಜವಾದ ಕೆಲಸ ಕತ್ತರಿಗೆ ಸಿಕ್ಕಿ ಹೋಗುತ್ತದೆ. ಸಂಕಲನಕಾರರ ತಪ್ಪೆಂದು ಇದನ್ನು ಹೇಳುತ್ತಿಲ್ಲ, ಆದರೆ ನೋಡುಗರಿಗೆ ಗೊತ್ತಿರಬೇಕು.

ಈ ಮಾತಿಗೆ ಹೊರತಾದದ್ದು 2017ರಲ್ಲಿ ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ಎದುರು ನಡೆದ ಪಂದ್ಯ. ಆಗಿನ ನಿಯಮದಂತೆ, ಚೆಂಡು ಹಿಡಿದವನನ್ನು ಕೆಡವಿದ (ಟ್ಯಾಕಲ್) ಮೇಲೆ ಎರಡೂ ತಂಡದವರು ಚೆಂಡಿನ ಮೇಲೆ ಎದುರುಬದುರಾಗಿ ನಿಂತು ತಳ್ಳಿದರೆ ಮಾತ್ರ ರಕ್ ಆಗುತ್ತಿತ್ತು, ರಕ್ ಆದರಷ್ಟೇ ದಾಟಿ ನಿಲ್ಲಬಾರದ ಆಫ್‌ಸೈಡ್ ರೇಖೆ ಹುಟ್ಟುತ್ತಿತ್ತು. ಇಟಲಿಯವರು ತಳ್ಳಾಟಕ್ಕೇ ಹೋಗದೆ ಇಂಗ್ಲೆಂಡ್ ಆಟಗಾರರ ನಡುವೆಯೇ ಹೋಗಿ ನಿಂತರು. ಏನು ಮಾಡಬೇಕೆಂದು ಕೇಳಿದ ಇಂಗ್ಲೆಂಡಿನವರಿಗೆ ರೆಫರಿ ರೊಮೇನ್ ಪ್ವಾತ್, ತಾವು ರೆಫರಿಯೇ ಹೊರತು ಕೋಚ್ ಅಲ್ಲ ಎಂದುಬಿಟ್ಟರು. ವಿರಾಮದ ಹೊತ್ತಿಗೆ 10-5ರಿಂದ ಮುಂದಿದ್ದ ಇಟಲಿ ಕೊನೆಗೆ 36-15ರಿಂದ ಸೋತಿತು, ಆದರೆ ಅದೇ ವರ್ಷ ಆ ನಿಯಮವನ್ನೇ ತಿದ್ದಲಾಯಿತು. ಕಬಡ್ಡಿಯಲ್ಲಿ ಗೆರೆಯ ಜಗಳ ನೋಡಿ ಬೆಳೆದವರಿಗೆ ಇದರ ರುಚಿ ಹತ್ತದೆ ಇರದು.

2016ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್ ಎದುರು 23-21ರಿಂದ ಸೋತ ಪಂದ್ಯವನ್ನೂ ಬಿಡಬಾರದು. ಕೊನೆಯ ಗಳಿಗೆಯಲ್ಲಿ ಪರಿಸ್ಸೆ ತಾವೇ ಡ್ರಾಪ್ ಗೋಲ್‌ಗೆ (ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದೊಡನೆ ಗೋಲ್ ಕಂಬಗಳ ನಡುವೆ ಹೊಡೆಯುವುದು) ಒದೆಯುತ್ತಾರೆ, ಚೆಂಡು ಗುರಿ ತಪ್ಪುತ್ತದೆ. ಸ್ಕ್ರಮ್ಮಿನವನಿಗೆ ಈ ಉಸಾಬರಿ ಏಕೆ ಎಂದು ಅನೇಕರು ಆಗ ಬೈದಿದ್ದುಂಟು. ನನಗಂತೂ ಅವರ ಆಟದ ಬಗೆಯನ್ನು ಯಾವ ಟ್ರೈಗಿಂತಲೂ ಚೆನ್ನಾಗಿ ತೋರುವುದು ಆ ಒದೆತವೇ.

ಅರ್ಜೆಂಟೀನಾದ ಲಾ ಪ್ಲಾಟಾದಲ್ಲಿ ಇಟಲಿ ಮೂಲದ ಮನೆಯಲ್ಲಿ ಹುಟ್ಟಿ, 2002ರಲ್ಲಿ ಹದಿನೆಂಟರ ಪ್ರಾಯದಲ್ಲಿ ನ್ಯೂಜಿಲೆಂಡ್ ವಿರುದ್ಧ ಹ್ಯಾಮಿಲ್ಟನ್‌ನಲ್ಲಿ ಅವರು ಆಡಿದ ಮೊದಲ ಪಂದ್ಯವಾಗಲಿ, ಸ್ತಾದ್ ಫ್ರಾನ್ಸೆ ತಂಡದೊಂದಿಗೆ 2007 ಮತ್ತು 2015ರಲ್ಲಿ ಗೆದ್ದ ಫ್ರೆಂಚ್ ಪ್ರಶಸ್ತಿಗಳಾಗಲಿ ಈ ವಾಹಿನಿಯ ವ್ಯಾಪ್ತಿಗೆ ಸೇರಿದವಲ್ಲ. ಅವುಗಳಿಗೆ ಬೇರೆಡೆ ಹುಡುಕಬೇಕು. ಒಟ್ಟು 142 ಟೆಸ್ಟ್ (ದೇಶಗಳ ನಡುವಿನ) ಪಂದ್ಯಗಳನ್ನಾಡಿದ ಅವರ ವಿದಾಯವನ್ನು ಮಾತ್ರ ಎಲ್ಲಿ ಹುಡುಕಿದರೂ ಪ್ರಯೋಜನವಿಲ್ಲ, ಏಕೆಂದರೆ ಅದು ನಡೆಯಲೇ ಇಲ್ಲ. 2019ರ ವಿಶ್ವಕಪ್‌ನಲ್ಲಿ ಮತ್ತದೇ ನ್ಯೂಜಿಲೆಂಡ್ ಎದುರು ಆಗಬೇಕಿದ್ದ ಪಂದ್ಯವನ್ನು ಹಗಿಬಿಸ್ ಚಂಡಮಾರುತದಿಂದ ರದ್ದು ಮಾಡಲಾಯಿತು, 2020ರ ಮಾರ್ಚ್‌ನಲ್ಲಿ ರೋಮ್‌ನಲ್ಲಿ ಇಂಗ್ಲೆಂಡ್ ವಿರುದ್ಧ ನಿಗದಿಯಾಗಿದ್ದ ಪಂದ್ಯವನ್ನು ಕೋವಿಡ್‌ನಿಂದ ಮುಂದೂಡಲಾಯಿತು.