ಜೋನ್ ಬಯೆಜ್ ಮೊದಲೋ, ಬಾಬ್ ಡಿಲನ್ ಮೊದಲೋ?

ಅಮೆರಿಕದ ಅರವತ್ತರ ದಶಕದ ಜಾನಪದ ಹಾಡು ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ ಇದು.

ಬಯೆಜ್, ಡಿಲನ್ ಇಬ್ಬರೂ ಆ ಕಾಲದ ಹಾಡುಗಾರರು. ಬಯೆಜ್ ಅವರ 1960ರ ಮೊದಲ ಆಲ್ಬಮ್‌ನಲ್ಲಿ ಜಾಸ್ತಿ ಇರುವುದು ಹಳೆಯ ಲಾವಣಿಗಳು. ಗಿಟಾರು, ತಿಳಿನೀರಿನಂಥ ದನಿ, ಅಷ್ಟೇ. ಸುಮ್ನೆ ಕೂತು ಕಥೆ ಕೇಳಬೇಕು ಅಂದರೆ ಇದೇ ಸರಿ.

ಜಗತ್ತು ಬದಲಾಗುತ್ತದೆ ಅನ್ನುವ ಆ ಕಾಲದ ನಂಬಿಕೆ ಬೇಕಾದರೆ ಡಿಲನ್ ಅವರ 1964ರ ಮೂರನೇ ಆಲ್ಬಮ್. ಅದರಲ್ಲಿ ಹ್ಯಾಟಿ ಕ್ಯಾರಲ್ ಕಥೆ ಹೇಳುವ ಹಾಡಿದೆ. ಬಾಲ್ಟಿಮೋರ್‌ನ ಹೋಟೆಲಿನಲ್ಲಿ ಕೆಲಸಕ್ಕಿದ್ದ ಕಪ್ಪು ಜನಾಂಗದ ಹೆಂಗಸು. 1963ರಲ್ಲಿ ಶ್ರೀಮಂತನೊಬ್ಬ ಬೆತ್ತದಿಂದ ಹೊಡೆದ, ಆಕೆ ತೀರಿಕೊಂಡರು. ಅವನಿಗೆ ಆರೇ ತಿಂಗಳ ಜೈಲು. ಡಿಲನ್ ಕೂಗಾಡುವುದಿಲ್ಲ. ಆಕೆ ಊಟದ ಮೇಜು ತೆಗೆದಿದ್ದು, ಆಶ್‌ಟ್ರೇ ಖಾಲಿ ಮಾಡಿದ್ದು ಹೇಳುತ್ತಾ ಹೋಗುತ್ತಾರೆ. ಶಿಕ್ಷೆ ಎಷ್ಟೆಂದು ಕೊನೆಗೇ ಗೊತ್ತಾಗುವುದು. ಅಲ್ಲಿ ಪ್ರತಿ ಸಲ ನನಗೆ ಗಂಟಲು ಕಟ್ಟುತ್ತದೆ.

ಒಂದೇ ಆರಿಸು ಅಂದರೆ ನಾನು ಡಿಲನ್ ಅನ್ನುತ್ತೇನೆ. ಬಯೆಜ್ ಮರುದಿನಕ್ಕಿರಲಿ.