ಸ್ಟೀಮ್ ಸರ್ವರ್ ಬ್ರೌಸರ್: ಯಾವ ಅಂಕಿಯನ್ನು ನಂಬಬೇಕು?

ಕೌಂಟರ್-ಸ್ಟ್ರೈಕ್ 1.6, ಟೀಮ್ ಫೋರ್ಟ್ರೆಸ್ 2 ಮೊದಲಾದ ಆಟಗಳನ್ನು ಆಟಗಾರರೇ ನಡೆಸುವ ಸರ್ವರ್‌ಗಳಲ್ಲಿ ಆಡಬಯಸುವವರಿಗೆ ಸ್ಟೀಮ್‌ನ ಸರ್ವರ್ ಬ್ರೌಸರ್, ಅಂದರೆ ಆ ಆಟಗಳ ವೇದಿಕೆಯಲ್ಲಿ ಸರ್ವರ್‌ಗಳ ಪಟ್ಟಿ ತೋರಿಸುವ ಕಿಟಕಿ, ಇಂದಿಗೂ ಮುಖ್ಯ ದಾರಿ. ವಾಲ್ವ್ ಕಂಪನಿ 2003ರಲ್ಲಿ ಸ್ಟೀಮ್ ಆರಂಭಿಸಿದ ಕಾಲದ ಚಹರೆಯನ್ನೇ ಬಹುಮಟ್ಟಿಗೆ ಉಳಿಸಿಕೊಂಡಿರುವ ಈ ಕಿಟಕಿ ನೋಡಲು ಹಳತಾದರೂ ಕೆಲಸದಲ್ಲಿ ಚುರುಕಾಗಿದೆ. ಅದರ ಕೊರತೆ ಇರುವುದು ಬೇರೆ ಕಡೆ: ಬೇಡವಾದುದನ್ನು ತೆಗೆದುಹಾಕುವುದು ಅದಕ್ಕೆ ಗೊತ್ತು, ಉಳಿದವುಗಳಲ್ಲಿ ಯಾವುದು ಒಳ್ಳೆಯದು ಎಂದು ಹೇಳುವುದು ಗೊತ್ತಿಲ್ಲ.

ಕೇಂದ್ರದಲ್ಲಿರುವ ಮಾಸ್ಟರ್ ಸರ್ವರ್ ಕೊಡುವುದು ಮುಖ್ಯವಾಗಿ ವಿಳಾಸಗಳನ್ನು. ಬ್ರೌಸರ್ ಆ ಒಂದೊಂದು ವಿಳಾಸಕ್ಕೂ ಯುಡಿಪಿ ಎಂಬ ಅಂತರ್ಜಾಲ ಸಂವಹನ ವಿಧಾನದ ಮೂಲಕ ಪ್ರಶ್ನೆ ಕಳಿಸುತ್ತದೆ. ಹೆಸರು, ಮ್ಯಾಪ್ (ಆಟ ನಡೆಯುವ ತಾಣ), ಆಟಗಾರರ ಸಂಖ್ಯೆ, ಬಾಟ್‌ಗಳ (ಕಂಪ್ಯೂಟರೇ ಆಡಿಸುವ ಆಟಗಾರರ) ಸಂಖ್ಯೆ, ವ್ಯಾಕ್ (ವಾಲ್ವ್‌ನ ಮೋಸತಡೆ ವ್ಯವಸ್ಥೆ) ರಕ್ಷಣೆ ಇದೆಯೇ ಇಲ್ಲವೇ ಎಂಬುದನ್ನೆಲ್ಲ ಸರ್ವರ್ ತಾನೇ ಉತ್ತರಿಸುತ್ತದೆ. ಅಂದರೆ ಪಟ್ಟಿಯಲ್ಲಿ ಕಾಣುವ ಬಹುಪಾಲು ಮಾಹಿತಿ ಸರ್ವರ್ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು. ಪಿಂಗ್ ಒಂದನ್ನು (ಪ್ರಶ್ನೆ ಹೋಗಿ ಉತ್ತರ ಬರಲು ಹಿಡಿಯುವ ಸಮಯವನ್ನು) ಮಾತ್ರ ನಮ್ಮ ಕಂಪ್ಯೂಟರ್ ಸ್ವತಃ ಅಳೆಯುತ್ತದೆ. ಸರ್ವರ್‌ನ ಮುಂದೆ ಪ್ರಾಕ್ಸಿ (ಮಧ್ಯವರ್ತಿ ಕಂಪ್ಯೂಟರ್) ನಿಲ್ಲಿಸಿ ಹತ್ತಿರದಿಂದಲೇ ಉತ್ತರ ಬರುವಂತೆ ಮಾಡಿ ಅದನ್ನೂ ವಂಚಿಸುವವರಿದ್ದಾರೆ, ಆದರೂ ಇರುವುದರಲ್ಲಿ ಹೆಚ್ಚು ನಂಬಬಹುದಾದ ಅಂಕಿ ಅದೇ.

ಹೀಗಾಗಿ ಫಿಲ್ಟರ್ ಹಾಕುವಾಗ ಮೊದಲು ಪಿಂಗ್ ಮಿತಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ, ಬೆಂಗಳೂರಿನಿಂದ ಸುಮಾರು 3,200 ಕಿ.ಮೀ. ದೂರದ ಸಿಂಗಪುರಕ್ಕೆ ಹೋಗಿ ಬರಲು, ಕೇಬಲ್ ನೇರವಾಗಿಯೇ ಇದ್ದರೂ, 32 ಮಿಲಿಸೆಕೆಂಡ್ ಬೇಕೇ ಬೇಕು, ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು. ಆದ್ದರಿಂದ 50 ಮಿಲಿಸೆಕೆಂಡಿನ ಮಿತಿ ಹಾಕಿದರೆ ಮುಂಬೈ, ಚೆನ್ನೈಗಳಂತಹ ಹತ್ತಿರದ ಸರ್ವರ್‌ಗಳಷ್ಟೇ ಉಳಿದು ಪಟ್ಟಿ ತೀರಾ ಬಡವಾಗಬಹುದು; 100 ಹಾಕಿದರೆ ಸಿಂಗಪುರವೂ ಸೇರಿ ಆಯ್ಕೆಗೆ ಅವಕಾಶವಾಗುತ್ತದೆ. ಇದರೊಂದಿಗೆ ಖಾಲಿ ಸರ್ವರ್, ತುಂಬಿದ ಸರ್ವರ್, ಪಾಸ್‌ವರ್ಡ್ ಇರುವ ಸರ್ವರ್‌ಗಳನ್ನು ಮರೆಮಾಡುವ ಆಯ್ಕೆಗಳೂ ಇದ್ದು, ಅವು ಹೇಳಿದಷ್ಟನ್ನು ಸರಿಯಾಗಿ ಮಾಡುತ್ತವೆ.

ತೊಡಕು ಶುರುವಾಗುವುದು ಆಟಗಾರರ ಸಂಖ್ಯೆಯನ್ನು ನೋಡಿ ಪಟ್ಟಿಯನ್ನು ಜೋಡಿಸಿದಾಗ. ಹೆಚ್ಚು ಜನರಿರುವ ಸರ್ವರ್ ಮೇಲೆ ಬರುತ್ತದೆ ಎಂದು ಗೊತ್ತಿರುವ ಕೆಲವರು ಇಲ್ಲದ ಆಟಗಾರರನ್ನು ಇದ್ದಾರೆಂದು ತೋರಿಸುತ್ತಾರೆ. ಬಾಟ್‌ಗಳನ್ನೇ ಮನುಷ್ಯರೆಂದು ಎಣಿಸಿ ಕೊಡುವವರೂ ಇದ್ದಾರೆ. ಹೆಸರಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಹಚ್ಚಿಕೊಂಡು ಅಕ್ಷರಾನುಕ್ರಮದಲ್ಲಿ ಮೊದಲಿಗರಾಗುವವರನ್ನು ಇವರ ಮುಂದೆ ಪ್ರಾಮಾಣಿಕರೆಂದೇ ಕರೆಯಬೇಕು. ಸೇರುವ ಮೊದಲು ಸರ್ವರ್‌ನ ವಿವರವನ್ನು ತೆರೆದು ನೋಡುವುದು ಇದಕ್ಕೆ ತಕ್ಕಮಟ್ಟಿನ ಪರಿಹಾರ: ಅಲ್ಲಿ ಪ್ರತಿ ಆಟಗಾರನ ಅಂಕ ಮತ್ತು ಅವನು ಆಡುತ್ತಿರುವ ಅವಧಿ ಕಾಣುತ್ತದೆ. ಇಪ್ಪತ್ತು ಮಂದಿಯೂ ಒಂದೇ ಹೊತ್ತಿಗೆ ಬಂದಂತಿದ್ದು ಎಲ್ಲರ ಅಂಕವೂ ಸೊನ್ನೆಯಾಗಿದ್ದರೆ ಅನುಮಾನಿಸಲೇಬೇಕು. ಈ ವಿವರವನ್ನೂ ನಕಲಿ ಮಾಡಬಹುದು, ಆದರೆ ಅದಕ್ಕೆ ಶ್ರಮ ಹೆಚ್ಚು.

ನನ್ನ ಮುಖ್ಯ ಆಕ್ಷೇಪವೂ ಇಲ್ಲಿಯೇ ಇದೆ. ಆಟಗಾರ ಎಷ್ಟು ಹೊತ್ತು ಉಳಿದ ಎಂಬುದು ಸರ್ವರ್‌ನ ಗುಣವನ್ನು ಅಳೆಯಲು ಎಷ್ಟು ಉಪಯುಕ್ತವೆಂದು ವಾಲ್ವ್‌ಗೆ ತಿಳಿಯದೇನಲ್ಲ. 2011ರಲ್ಲಿ ಟೀಮ್ ಫೋರ್ಟ್ರೆಸ್ 2ಕ್ಕೆ ಅದು ತಂದ ಕ್ವಿಕ್‌ಪ್ಲೇ ವ್ಯವಸ್ಥೆಯು (ಆಟಗಾರನಿಗೆ ತಾನೇ ಸರ್ವರ್ ಆರಿಸಿಕೊಡುವಂಥದ್ದು), ಬಂದವರು ಉಳಿಯುತ್ತಾರೋ ಕೂಡಲೇ ಎದ್ದು ಹೋಗುತ್ತಾರೋ ಎಂಬುದನ್ನು ಲೆಕ್ಕಹಾಕಿ ಸರ್ವರ್‌ಗಳಿಗೆ ಅಂಕ ಕೊಡುತ್ತಿತ್ತು. ಪಿಂಗ್ ಮತ್ತು ಸರ್ವರ್ ಎಷ್ಟು ತುಂಬಿದೆ ಎಂಬುದನ್ನೂ ಅದಕ್ಕೆ ಸೇರಿಸುತ್ತಿತ್ತು. ಸುಳ್ಳು ಸಂಖ್ಯೆ ತೋರಿಸಿ ಕರೆತಂದ ಆಟಗಾರ ಅರ್ಧ ನಿಮಿಷದಲ್ಲಿ ಹೊರಟುಹೋದರೆ ಸರ್ವರ್‌ನ ಅಂಕ ತಾನಾಗಿಯೇ ಇಳಿಯುವ ಆ ಏರ್ಪಾಡಿನಲ್ಲಿ ಮೋಸಕ್ಕೆ ಲಾಭ ಕಡಿಮೆಯಿತ್ತು. 2016ರಲ್ಲಿ ಆಟಗಾರರನ್ನು ತಾನೇ ಜೋಡಿಸಿ ಪಂದ್ಯಕ್ಕೆ ಕಳಿಸುವ ಮ್ಯಾಚ್‌ಮೇಕಿಂಗ್ ಬಂದು ಕ್ವಿಕ್‌ಪ್ಲೇ ಹೋಯಿತು. ಆ ಅಂಕಗಳಲ್ಲಿ ಒಂದು ಕಾಲಮ್ಮಿನಷ್ಟಾದರೂ ಸರ್ವರ್ ಬ್ರೌಸರಿಗೆ ಬರಬಹುದಿತ್ತು, ಬರಲಿಲ್ಲ.

ಒಳ್ಳೆಯ ಸರ್ವರ್ ಸಿಕ್ಕಿದರೆ ಫೇವರಿಟ್ಸ್ ಪಟ್ಟಿಗೆ ಸೇರಿಸಿಡಬಹುದು. ಆದರೆ ಅಲ್ಲಿ ಸರ್ವರನ್ನು ಹುಡುಕುವುದು ಉಳಿಸಿಟ್ಟ ಐಪಿ ವಿಳಾಸ ಮತ್ತು ಪೋರ್ಟ್‌ನಿಂದ. ನಡೆಸುವವರು ಹೋಸ್ಟಿಂಗ್ ಬದಲಿಸಿದ ದಿನ ಆ ಸಾಲು ಉತ್ತರಿಸುವುದನ್ನು ನಿಲ್ಲಿಸುತ್ತದೆ. ಹಾಗಾಗಿ ಸರ್ವರ್‌ನ ಹೆಸರನ್ನೂ ಎಲ್ಲಾದರೂ ಬರೆದಿಟ್ಟುಕೊಳ್ಳುವುದು ಕ್ಷೇಮ.