ಟ್ರಯಂಫ್ ಸ್ಟ್ಯಾಗ್‌ಗೆ ಯಾವ ವಿ8? ಸ್ವಂತದ್ದೋ, ರೋವರ್‌ದೋ?

ಇಂಗ್ಲೆಂಡಿನ ಕಾವೆಂಟ್ರಿಗೆ ಕೆಲಸಕ್ಕೆ ಬಂದ ಮೇಲೆ ನನಗೆ ಹತ್ತಿದ ಹುಚ್ಚು ಸ್ಟ್ಯಾಗ್, ಟ್ರಯಂಫ್ ಕಂಪನಿಯ ಹಳೇ ಕಾರು. ಇಟಲಿಯ ವಿನ್ಯಾಸಕಾರ ಮಿಕೆಲೊಟ್ಟಿ ರೂಪ ಕೊಟ್ಟ ಈ ಗಾಡಿ 1970ರಿಂದ 1977ರವರೆಗೆ ಇದೇ ಊರಿನ ಕ್ಯಾನ್ಲಿ ಕಾರ್ಖಾನೆಯಿಂದ ಹೊರಬಂತು. ನಾನು ಎರಡು ಸ್ಟ್ಯಾಗ್ ಇಟ್ಟುಕೊಂಡು ಓಡಿಸಿದ್ದೇನೆ. ಮೊದಲನೆಯದಕ್ಕೆ ಹಿಂದಿನ ಮಾಲೀಕರು ರೋವರ್ ಕಂಪನಿಯ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್) ಕೂರಿಸಿದ್ದರು. ಈಗಿನದರಲ್ಲಿ ಟ್ರಯಂಫ್‌ನ ಸ್ವಂತ 2997 ಸಿಸಿ ಎಂಜಿನ್ನೇ ಇದೆ.

ಓಡಿಸುವಾಗಿನ ವ್ಯತ್ಯಾಸ ಬ್ರಾಡ್‌ವೇ ಹತ್ತಿರದ ಫಿಶ್ ಹಿಲ್ ಏರಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. 3528 ಸಿಸಿಯ ರೋವರ್ ಗೇರ್ ಇಳಿಸದೆಯೇ ಎಳೆದುಕೊಂಡು ಹೋಗುತ್ತಿತ್ತು. ಅದು ಪೂರ್ತಿ ಅಲ್ಯೂಮಿನಿಯಂ, ಹಾಗಾಗಿ ಮುಂದಿನ ಭಾರವೂ ಕಡಿಮೆ. ಟ್ರಯಂಫ್‌ಗೆ ಅದೇ ಏರಿನಲ್ಲಿ ಒಂದು ಗೇರ್ ಕೆಳಗೆ ಬೇಕು. ಆದರೆ ಆಗ ಬರುವ ಆ ಗುಡುಗುಡು ಸದ್ದು! ಅದು ರೋವರ್‌ನಲ್ಲಿ ಬರಲೇ ಇಲ್ಲ. ಟಾಪ್ ತೆಗೆದು ಓಡಿಸುವ ಗಾಡಿಗೆ ಸದ್ದು ಸಣ್ಣ ವಿಷಯವಲ್ಲ, ಅಲ್ವಾ?

ಇನ್ನು ಎಂಜಿನ್ ಬಿಸಿಯಾಗುವ ಮಾತು. ಸ್ಟ್ಯಾಗ್‌ಗೆ ಕೆಟ್ಟ ಹೆಸರು ಬಂದಿದ್ದೇ ಇದರಿಂದ. ಟ್ರಯಂಫ್ ಎಂಜಿನ್ನಿನ ವಾಟರ್ ಪಂಪ್ ಎರಡು ಸಾಲು ಸಿಲಿಂಡರ್‌ಗಳ ನಡುವೆ, ಎಂಜಿನ್ನಿನ ಮೇಲ್ಭಾಗದಲ್ಲಿದೆ. ನೀರಿನ ಮಟ್ಟ ಸ್ವಲ್ಪ ಇಳಿದರೂ ಪಂಪ್ ಗಾಳಿ ಎಳೆಯುತ್ತದೆ, ನೀರು ಓಡಾಡುವುದೇ ನಿಲ್ಲುತ್ತದೆ. ನನಗೂ ಹಾಗೇ ಆಯ್ತು. ಒಂದು ಜುಲೈ ತಿಂಗಳಲ್ಲಿ ನೀರು ನೋಡದೇ ಹೊರಟೆ, ಎಂ5 ರಸ್ತೆಯ ಟ್ರಾಫಿಕ್ಕಿನಲ್ಲಿ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಕೆಳಗಿನ ಗ್ಯಾಸ್ಕೆಟ್ ಹೋಯಿತು. ಹೆಡ್ ಬಿಚ್ಚುವುದು ಅದಕ್ಕಿಂತ ದೊಡ್ಡ ಪಾಡು. ಹೆಡ್ ಹಿಡಿದಿರುವ ಬೋಲ್ಟುಗಳು ನೇರ, ಸ್ಟಡ್ಡುಗಳು ಓರೆ. ಉಕ್ಕಿನ ಸ್ಟಡ್ಡು ಅಲ್ಯೂಮಿನಿಯಂ ಹೆಡ್ಡಿನೊಳಗೆ ತುಕ್ಕಿಗೆ ಕಚ್ಚಿಕೊಂಡರೆ ಹೆಡ್ ಮೇಲೇಳುವುದೇ ಇಲ್ಲ. ದಿನಾ ಎಣ್ಣೆ ಬಿಟ್ಟು, ಕಾಯಿಸಿ, ಮೂರು ವಾರಕ್ಕೆ ಅಲ್ಲಾಡಿತು.

ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್ನಿನ ಒಡಲು) ಬಿಚ್ಚಿದಾಗ ನೀರಿನ ದಾರಿಗಳಲ್ಲಿ ಕೆಸರು ಕಟ್ಟಿತ್ತು. ಎಲ್ಲ ತೊಳೆಸಿದೆ, ದೊಡ್ಡ ರೇಡಿಯೇಟರ್ ಹಾಕಿಸಿದೆ, ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಎರಡೂ ಟೈಮಿಂಗ್ ಚೈನ್ ಬದಲಿಸಿದೆ. ಈ ಚೈನ್ ಹಿಗ್ಗಿ ಜಾರಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ, ಅದಕ್ಕೇ 25,000 ಮೈಲಿಗೊಮ್ಮೆ ಬದಲಿಸುತ್ತೇನೆ. ಕಬ್ಬಿಣದ ಬ್ಲಾಕಿಗೆ ಅಲ್ಯೂಮಿನಿಯಂ ಹೆಡ್ ಇರುವುದರಿಂದ ಆಂಟಿಫ್ರೀಜ್ ಚಳಿಗಾಲಕ್ಕಷ್ಟೇ ಅಲ್ಲ, ತುಕ್ಕು ತಡೆಯಲು ವರ್ಷಪೂರ್ತಿ ಬೇಕು. ಆಮೇಲೆ ಎಂಟು ಬೇಸಿಗೆ ಕಳೆದಿವೆ. ಬಿಸಿ ತೋರಿಸುವ ಮುಳ್ಳು ನಡುಮಧ್ಯ ದಾಟಿಲ್ಲ.

ರೋವರ್ ಎಂಜಿನ್ನಿನ ಮೂಲ ಅಮೆರಿಕದ ಬ್ಯೂಕ್. ವಾಲ್ವ್ ಎಬ್ಬಿಸಲು ಒಂದೇ ಕ್ಯಾಮ್ ದಂಡ, ಅದರಿಂದ ವಾಲ್ವ್‌ವರೆಗೆ ತಳ್ಳುವ ಪುಶ್‌ರಾಡ್ ಕಡ್ಡಿಗಳು, ಗಿಡ್ಡ ಚೈನ್. ಬೇಗ ಬಿಸಿಯಾಗುವ ಜಾತಿಯಲ್ಲ. ಅದಕ್ಕೆ ಬೇಕಾದ್ದು ಆಯಿಲ್. ಬದಲಿಸಲು ತಡ ಮಾಡಿದರೆ ಒಳಗೆ ಮಡ್ಡಿ ಕಟ್ಟಿ ಕ್ಯಾಮ್ ಸವೆಯುತ್ತದೆ. ಅಷ್ಟೇ. ಬರೀ ಎಂಜಿನ್ ನೋಡಿದರೆ ರೋವರ್‌ದೇ ಗಟ್ಟಿ, ಇದನ್ನು ಒಪ್ಪಲೇಬೇಕು.

ಆದರೆ ನನಗೆ ತೊಂದರೆ ಕೊಟ್ಟದ್ದು ಎಂಜಿನ್ ಅಲ್ಲ, ಅದನ್ನು ಕೂರಿಸಿದ ರೀತಿ. ಟ್ರಯಂಫ್ ಗೇರ್‌ಬಾಕ್ಸ್ ರೋವರ್ ಎಂಜಿನ್ನಿಗೆ ನೇರವಾಗಿ ಹೊಂದುವುದಿಲ್ಲ. ಎಂಜಿನ್ ಹಿಡಿದಿಡುವ ಮೌಂಟು, ಎಕ್ಸಾಸ್ಟ್ ಎಲ್ಲ ಹೊಸದಾಗಿ ಮಾಡಿಸಬೇಕು. ನನ್ನ ಗಾಡಿಯಲ್ಲಿ ಯಾರೋ ಮನೆಯಲ್ಲೇ ವೆಲ್ಡ್ ಮಾಡಿದ ಮೌಂಟ್ ಎರಡು ಸಲ ಬಿರುಕು ಬಿಟ್ಟಿತು. ಅಂಗಡಿಯಲ್ಲಿ ಸಿಗುವ ಸಾಮಾನಲ್ಲ ಅದು, ಯಾವ ಕೈಪಿಡಿಯಲ್ಲೂ ಅದರ ಚಿತ್ರವಿಲ್ಲ. ಟ್ರಯಂಫ್ ಎಂಜಿನ್ನಿಗಾದರೆ ಗ್ಯಾಸ್ಕೆಟ್‌ನಿಂದ ಚೈನ್‌ವರೆಗೆ ಇಂದಿಗೂ ಫೋನ್ ಮಾಡಿ ತರಿಸಬಹುದು.

ಗೆಳೆಯರೊಬ್ಬರ ಫೋರ್ಡ್ ಎಸೆಕ್ಸ್ ವಿ6 ಹಾಕಿದ ಸ್ಟ್ಯಾಗ್ ಕೂಡ ಒಂದು ದಿನ ಓಡಿಸಿದೆ. ಓಡುತ್ತದೆ, ಆದರೆ ಸ್ಟ್ಯಾಗ್ ಅನ್ನಿಸಲಿಲ್ಲ.

ಹಾಗಾಗಿ ಮೂಲ ಎಂಜಿನ್ ಗಾಡಿಯಲ್ಲೇ ಇದ್ದರೆ ದಯವಿಟ್ಟು ಕೀಳಿಸಬೇಡಿ, ಆ ದುಡ್ಡನ್ನು ರೇಡಿಯೇಟರ್‌ಗೂ ಚೈನ್‌ಗೂ ಹಾಕಿ. ಬ್ಲಾಕೇ ಬಿರುಕು ಬಿಟ್ಟಿದ್ದರೆ ರೋವರ್ ಒಳ್ಳೆಯ ದಾರಿ. ಈಗಾಗಲೇ ರೋವರ್ ಹಾಕಿದ ಗಾಡಿ ಕೊಳ್ಳುವವರು ಮೊದಲು ಗಾಡಿಯ ಕೆಳಗೆ ತೂರಿ ಮೌಂಟ್‌ಗಳ ವೆಲ್ಡಿಂಗ್ ನೋಡಿ. ಆಮೇಲೆ ವಿ5ಸಿ ಪತ್ರದಲ್ಲಿರುವ (ಇಲ್ಲಿನ ಗಾಡಿ ನೋಂದಣಿ ಪತ್ರ) ಎಂಜಿನ್ ನಂಬರೂ ಬ್ಲಾಕಿನ ಮೇಲಿನ ನಂಬರೂ ಒಂದೇನಾ ಅಂತ ತಾಳೆ ನೋಡಿ.